ಏಳನೆಯ ಮನೆ

ಮರಿ ಒಂದು. ಅದನ್ನು ಸಾಕುವ ತಾಯಿಬೆಕ್ಕು ಒಂದು. ಮರಿಯನ್ನು ಏಳು ಮನೆ ದಾಟಿಸಬೇಕೆಂಬುದು ಬೆಕ್ಕಿನ ಕುಲದ ಕಟ್ಟಳೆ. ಆರು ಮನೆ ಆಗಿತ್ತು. ಹೆತ್ತಂದಿನಿಂದ ತಾಯಿ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಈಗ ಮರಿ ಮಲಗಿತ್ತು.

ತಾಯಿ ಪಂಜದ ಮೇಲೆ ತಲೆಯಿಡುವಷ್ಟರಲ್ಲಿ, ಗೋಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದ ಗಂಡುಬೆಕ್ಕು ಮೈಮುರಿಯಿತು. "ಮರಿ ಮಲಗಿತಲ್ಲ, ನಿನಗಿನ್ನು ಬಿಡುವು. ಏಳನೆಯ ಮನೆ ನೋಡಿಕೊಂಡು ಬಾ."

"ಕಣ್ಣು ಎಳೆಯುತ್ತಿದೆ. ಇದೊಂದು ಮನೆ ನೀನು ನೋಡು. ಮರಿಗೆ ಅಪ್ಪನಲ್ಲವೇ ನೀನು?"

"ಕಟ್ಟಳೆ ಇರುವುದು ತಾಯಿಗೆ, ಮಹಾರಾಯ್ತಿ. ಬಿಡುವನ್ನು ಹಾಳುಮಾಡಬೇಡ. ಇದೊಂದು ಮುಗಿಸಿಬಿಟ್ಟರೆ ಆಮೇಲೆ ಮಲಗುವುದು ಇದ್ದೇ ಇದೆ."

ತಾಯಿ ಎದ್ದಿತು. ಅಲೆದು ಮನೆ ಹುಡುಕಿತು, ಹಿಂದಿರುಗಿ ಮರಿಯನ್ನು ಕಚ್ಚಿಕೊಂಡು ಹೊರಟಿತು, ಏಳನೆಯ ಮನೆಯ ಅಟ್ಟದಲ್ಲಿ ಇಳಿಸಿ ಅದರ ಪಕ್ಕದಲ್ಲೇ ಕುಸಿದು ಕಣ್ಣು ಮುಚ್ಚಿತು. ಹಸಿದ ಮರಿ ಎದ್ದು ಕೂಗಿತು. ತಾಯಿ ಏಳಲಿಲ್ಲ. ಮರಿ ಮೊಲೆಗೆ ಬಾಯಿಟ್ಟಿತು. ತಾಯಿಯ ಮೈ ತಣ್ಣಗಿತ್ತು.

ಗಂಡುಬೆಕ್ಕು ಅಟ್ಟಕ್ಕೆ ಇಣುಕಿ, ಗೋಡೆಗೆ ಮರಳಿ, "ಮರಿ ಅಷ್ಟು ಅಳುತ್ತಿದ್ದರೂ ಅವಳಿಗೆ ನಿದ್ದೆಯೇ ಹೆಚ್ಚಾಯಿತು" ಎಂದು ನೆರೆಯವರಿಗೆಲ್ಲ ಹೇಳಿತು.

ಇದನ್ನು ಓದಿದವರು ಮಗು ಮಲಗಿರುವ ಮನೆಗೆ ದಾಟಿಸಿ. ತಾಯಿಯ ಕೈಗಲ್ಲ, ಗೋಡೆಯ ಮೇಲಿರುವವರ ಕೈಗೆ.