ದುಗ್ಗಜ್ಜಿಯ ಗಡಿಗೆಯೂ ಮಂಜಿನ ಸೊಕ್ಕೂ

ಮಂಜು ಮಾಡಿದ್ದು ತಪ್ಪು. ಯಾರಪ್ಪನ ಆಸ್ತಿಯೂ ಅಲ್ಲದ ಆಕಾಶಕ್ಕೆ ಅದು ಅಡ್ಡ ಕೂತಿತು.

ಲೋಕದ ಮೈಮೇಲೆ ಹಸಿ ಮಣ್ಣಿನ ವಾಸನೆ ಇನ್ನೂ ಆರದಿದ್ದ ಕಾಲ ಅದು. ಮರ ಮಾತಾಡುತ್ತಿತ್ತು, ಗಾಳಿ ಜಗಳವಾಡುತ್ತಿತ್ತು. ಮಂಜು ಮಾತ್ರ ಅಪ್ಪಣೆ ಕೊಡುತ್ತಿತ್ತು. ಕುದಿಯುವ ಗಡಿಗೆ ಕಂಡರೆ ಅದರ ಬಾಯಿಗೆ ಬಂದು ಕೂರುತ್ತಿತ್ತು. ಹಬೆ ಏಳಲು ನೋಡಿದರೆ, "ಮೇಲೆ ಜಾಗವಿಲ್ಲ, ಇಳಿ" ಎನ್ನುತ್ತಿತ್ತು. ಹಬೆ ಹನಿಯಾಗಿ ಮತ್ತೆ ಗಡಿಗೆಗೇ ಬೀಳುತ್ತಿತ್ತು. ಗಡಿಗೆಯ ಬಾಯಿ ಸಣ್ಣಗಿರಬೇಕು ಎಂಬುದೂ ಮಂಜಿನದೇ ಕಟ್ಟಳೆ. ಸಣ್ಣ ಬಾಯಿ ಮುಚ್ಚುವುದು ಸುಲಭ ನೋಡಿ.

ಈಚಲು ದಿಬ್ಬದ ಮೇಲೆ ದುಗ್ಗಜ್ಜಿ ಇದ್ದಳು. ಬೆಳಗಾಗುತ್ತಲೇ ಈಚಲು ಮರ ಹತ್ತಿ, ಅದರ ಕತ್ತಿಗೆ ಕಚ್ಚು ಹಾಕಿ, ತೊಟ್ಟಿಕ್ಕಿದ ಸಿಹಿ ರಸ ಇಳಿಸುತ್ತಿದ್ದಳು. ಕಾಯಿಸಿ ನೀರು ಹೋದರೆ ಅದು ಬೆಲ್ಲ. ಆದರೆ ನೀರು ಹೋಗುವುದೆಲ್ಲಿಗೆ? ಅವಳು ಕಾಯಿಸುತ್ತಿದ್ದಳು, ಹನಿ ಬೀಳುತ್ತಿತ್ತು. ಮತ್ತೂ ಕಾಯಿಸುತ್ತಿದ್ದಳು, ಮತ್ತೂ ಹನಿ ಬೀಳುತ್ತಿತ್ತು. ಒಲೆಯ ಮೇಲಿನ ರಸ ಗಟ್ಟಿಯಾಗುತ್ತಿರಲಿಲ್ಲ, ಪಕ್ಕದಲ್ಲಿಟ್ಟದ್ದು ಹುಳಿಯಾಗುತ್ತಿತ್ತು, ಅದನ್ನು ಚೆಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಮರ ಹೇಳಿತು: "ದುಗ್ಗಿ, ನನ್ನ ಮೈಯೆಲ್ಲ ಗಾಯ. ಇನ್ನೂ ಒಂದು ಚೂರು ಬೆಲ್ಲ ಕಂಡಿಲ್ಲ. ಇವತ್ತೂ ಚೆಲ್ಲಿದೆಯೋ, ರಸವನ್ನು ಬೇರಲ್ಲೇ ಬಚ್ಚಿಡ್ತೀನಿ. ಆಮೇಲೆ ನಿನ್ನ ಮೊಮ್ಮಕ್ಕಳಿಗೂ ಸಿಗಲ್ಲ."

ದುಗ್ಗಜ್ಜಿ ಮಂಜಿನ ಹತ್ತಿರ ಹೋದಳು. "ಸ್ವಲ್ಪ ಆಚೆ ಸರಿ."

"ಯಾರನ್ನು ಕೇಳಿ ಕುದಿಸಿದೆ?"

"ನೀನು ಯಾರನ್ನು ಕೇಳಿ ಕೂತೆ?"

ಮಂಜು ಸರಿಯಲಿಲ್ಲ.

ದುಗ್ಗಜ್ಜಿ ರಸವನ್ನು ಬೇರೆ ಗಡಿಗೆಗೆ ಸುರಿದಳು. ಖಾಲಿ ಗಡಿಗೆಯನ್ನು ಮಡಿಲಲ್ಲಿಟ್ಟು, ಗುಂಡುಕಲ್ಲಿನಿಂದ ಅದರ ಹೆಗಲ ಸುತ್ತ ಟಕ್ ಟಕ್ ಎಂದು ಕುಟ್ಟತೊಡಗಿದಳು.

ನೆರೆಮನೆಯ ಬೈರಕ್ಕ ಓಡಿ ಬಂದಳು. "ಏನವ್ವಾ ಇದು, ಗಡಿಗೆ ಒಡೆಯೋದು ಹೆಣದ ಹಿಂದೆ. ಮನೆಯಲ್ಲಿ ಯಾರು ಸತ್ತರು?"

"ಒಲೆ ಊದಿ ಊದಿ ದಿನಾ ನಾನೇ ಸಾಯ್ತಿದ್ದೆ. ಆಗ ಯಾರೂ ಕೇಳೋಕೆ ಬರಲಿಲ್ಲ. ಆ ಕೊಡಲಿ ಕೊಡು ಇತ್ತ."

ಗಡಿಗೆಯ ಕತ್ತು ಕಳಚಿ ಬಿತ್ತು. ಉಳಿದದ್ದು ಅಗಲ ಬಾಯಿಯ ಬೋಕಿ. ಹೊಗೆ ಕಾರುತ್ತಿದ್ದ ದಪ್ಪ ಕೊರಡನ್ನು ಅವಳು ಕೊಡಲಿಯಿಂದ ಬೆರಳುಗಾತ್ರ ಸೀಳಿ ಒಲೆಗಿಟ್ಟಳು. ಬೋಕಿಗೆ ರಸ ಸುರಿದಳು, ಎರಡೇ ಬೆರಳು ಆಳ. ಬೆಂಕಿ ಭುಗ್ಗೆಂದಿತು, ರಸ ಕೊತಕೊತ ಕುದಿಯಿತು.

ಮಂಜು ಓಡಿ ಬಂತು. ಬಾಯಿ ಮುಚ್ಚಲು ಮೈ ಚಾಚಿತು. ಇನ್ನೂ ಚಾಚಿತು. ಹಳೆ ಸೀರೆಯ ಹಾಗೆ ನಡುವೆ ಪಿಸಿಯಿತು.

"ಗಾಳಿಯಪ್ಪಾ, ನಿಂತು ನೋಡ್ತಿದ್ದೀಯಲ್ಲ, ಕೈಕಾಲು ಬಿದ್ದುಹೋಗಿವೆಯಾ?" ಎಂದಳು ದುಗ್ಗಜ್ಜಿ.

"ಆ ಸಣ್ಣ ಬಾಯೊಳಗೆ ಎಲ್ಲಿ ನುಗ್ಗಲಿ ಅಂತ ಸುಮ್ಮನಿದ್ದೆ" ಎನ್ನುತ್ತ ಗಾಳಿ ನುಗ್ಗಿತು. ಮಂಜು ಹರಿದು ಚಿಂದಿಯಾಗಿ ಹಳ್ಳಕ್ಕೆ ಉರುಳಿತು. ಹಬೆ ಯಾರನ್ನೂ ಕೇಳದೆ ಮೇಲೆದ್ದಿತು.

ನೆತ್ತಿಗೆ ಹೊತ್ತು ಬರುವ ಮೊದಲೇ ಬೆಲ್ಲ ಕಟ್ಟಿತು. ದುಗ್ಗಜ್ಜಿ ಮೊದಲ ಚೂರನ್ನು ಮರದ ಗಾಯಕ್ಕೆ ಒತ್ತಿದಳು. ಅಲ್ಲಿಂದ ಒಂದು ಹನಿ ಹೊಸ ರಸ ಇಳಿಯಿತು. ಬೈರಕ್ಕ ಮನೆಗೆ ಹೋಗಿ ತನ್ನ ಗಡಿಗೆ ತಂದಳು. ಸ್ವಲ್ಪ ಹೊತ್ತಿಗೆ ದಿಬ್ಬದ ತುಂಬ ಟಕ್ ಟಕ್ ಸದ್ದು.

ಅದಕ್ಕೇ ಮಗಾ, ಇವತ್ತಿಗೂ ಬೆಳಿಗ್ಗೆ ಮಂಜು ಹಳ್ಳದಲ್ಲಿ ಮುದುಡಿ ಮಲಗಿರುತ್ತದೆ, ಬಿಸಿಲೂ ಗಾಳಿಯೂ ಬಂದರೆ ತಲೆಮರೆಸಿಕೊಳ್ಳುತ್ತದೆ. ಅಗಲ ಬಾಯಿಯ ಪಾತ್ರೆಯಿಂದ ಹಬೆ ತಲೆಯೆತ್ತಿ ಹೋಗುತ್ತದೆ. ನಿನ್ನ ಗಡಿಗೆಯ ಮೇಲೆ ಯಾರು ಕೂತಿದ್ದಾರೆ ನೋಡು. ಆಚೆ ಸರಿ ಅಂತ ಒಮ್ಮೆ ಹೇಳು. ಸರಿಯದಿದ್ದರೆ ಕಲ್ಲು ತಗೋ, ಗಡಿಗೆಯ ಕತ್ತು ಒಡೆ.