ಸಾರಿಗೆ ಬಿದ್ದ ಎರಡು ಹಿಡಿ ಉಪ್ಪು

ಹೊಳೆದಂಡೆಯ ಮಠದಲ್ಲಿ ಆ ದಿನ ಬಡಿಸಿದ ಸಾರು ಎಷ್ಟು ಉಪ್ಪಾಗಿತ್ತೆಂದರೆ, ಉಂಡವರು ನೀರು ಕುಡಿದೂ ಕುಡಿದೂ ಹೊಳೆ ಮೊಣಕಾಲುದ್ದಕ್ಕೆ ಇಳಿಯಿತು. ಅಲ್ಲಿಯ ಮೀನುಗಳು ಇವತ್ತಿಗೂ ಅದನ್ನು ಮರೆತಿಲ್ಲ.

ಅಡುಗೆ ಮಾಡಿದವರು ಇಬ್ಬರೇ ಶಿಷ್ಯರು, ಕೊಟ್ರಯ್ಯ ಮತ್ತು ಚನ್ನವೀರ. ಒಲೆ ಹತ್ತಿದ ಮೇಲೆ ಯಾರೂ ತುಟಿ ಬಿಚ್ಚಬಾರದು ಎಂಬುದು ಆ ಮಠದ ಕಟ್ಟಳೆ.

ಒಲೆ ಆರಿದ್ದೇ ತಡ, ಕೊಟ್ರಯ್ಯ ಗುರುಗಳಾದ ಕಂಬಳಿಯಜ್ಜನ ಮುಂದೆ ನಿಂತ.

"ಅಜ್ಜಾರೆ, ನನ್ನ ನಾಲಿಗೆ ಮೂರು ಹರದಾರಿ ಆಚೆಯ ಉಪ್ಪನ್ನೂ ಬಲ್ಲದು. ರುಚಿ ನೋಡಿದೆ, ಸಪ್ಪೆ ಇತ್ತು. ಉಗ್ರಾಣದಿಂದ ಒಂದೇ ಹಿಡಿ ತಂದು ಹಾಕಿದೆ. ಇನ್ನೊಂದು ಹಿಡಿ ಇವನು ಬೇಕಂತಲೇ ಹಾಕಿದ್ದು, ನನ್ನ ಹೆಸರು ಕೆಡಿಸೋಕೆ. ಮಠದಲ್ಲಿ ಅವನಿರಬೇಕು, ಇಲ್ಲ ನಾನಿರಬೇಕು."

"ನಾನು ನೋಡಿದಾಗಲೂ ಸಪ್ಪೇನೇ ಇತ್ತು," ಎಂದ ಚನ್ನವೀರ. ಅವನ ಬಟ್ಟೆಗಂಟು ಆಗಲೇ ಕಂಕುಳಲ್ಲಿತ್ತು.

"ಕೇಳಿದ್ರಾ ಸುಳ್ಳು!"

ಅಜ್ಜ ಖಾಲಿ ಮಡಕೆಯೊಂದನ್ನು ದಂಡೆಯ ಮೇಲಿಟ್ಟ.

"ಈ ಮರಳೇ ಉಪ್ಪು ಅಂದ್ಕೊಳ್ಳಿ. ನಾನು ಬಿಳಿ ಕಲ್ಲು ಇಟ್ಟರೆ ಕೊಟ್ರಯ್ಯ ಒಂದು ಕೆಲಸ ಮಾಡಬೇಕು, ಕರಿ ಕಲ್ಲು ಇಟ್ಟರೆ ಚನ್ನವೀರ. ನೋಡೋದು ಒಂದು ಕೆಲಸ, ತರೋದು ಒಂದು, ಹಾಕೋದು ಒಂದು. ನೋಡಿದಾಗ ಮಡಕೆ ಖಾಲಿ ಇದ್ದರೆ ಮಾತ್ರ ತರಬೇಕು."

ಮೂರು ಬಿಳಿ ಕಲ್ಲು ಬಿದ್ದವು. ಕೊಟ್ರಯ್ಯ ನೋಡಿದ, ತಂದ, ಹಾಕಿದ. ಆಮೇಲೆ ಒಂದು ಕರಿ ಕಲ್ಲು. ಚನ್ನವೀರ ಇಣುಕಿ, ಉಪ್ಪಿದೆಯೆಂದು ಹಿಂದೆ ಸರಿದ.

"ಸರಿಯಾಗೇ ಬಂತಲ್ಲ! ಇವನು ಕಪಟಿ ಅನ್ನೋಕೆ ಇನ್ನೇನು ಬೇಕು?" ಎಂದ ಕೊಟ್ರಯ್ಯ.

ಅಜ್ಜ ಮಡಕೆ ಬರಿದು ಮಾಡಿದ. ಈ ಸಲ ಎರಡು ಬಿಳಿ, ಮೂರು ಕರಿ, ಕೊನೆಗೊಂದು ಬಿಳಿ. ಕೊಟ್ರಯ್ಯ ನೋಡಿ, ತಂದು ನಿಂತ; ಮಡಕೆ ಇನ್ನೂ ಖಾಲಿಯೆಂದು ಚನ್ನವೀರ ನೋಡಿ, ತಂದು, ಹಾಕಿದ; ಕೊನೆಗೆ ಕೊಟ್ರಯ್ಯ ತನ್ನ ಹಿಡಿಯನ್ನೂ ಹಾಕಿದ.

ಮಡಕೆಯಲ್ಲಿ ಎರಡು ಹಿಡಿ ಮರಳು.

ಕೊಟ್ರಯ್ಯ ಕಲ್ಲುಗಳನ್ನು ಹೊರಳಿಸಿ ಹೊರಳಿಸಿ ನೋಡಿದ. ಅವನಿಗೆ ಈಗ ಕಲ್ಲಿನ ಮೇಲೂ ಗುಮಾನಿ.

"ಹಾಗಾದ್ರೆ ಹಾಕೋ ಮುಂಚೆ ಇನ್ನೊಂದು ಸಲ ನೋಡ್ತೀನಿ."

"ಈ ಸಲ ಕಲ್ಲು ನೀನೇ ಇಡು," ಎಂದ ಅಜ್ಜ.

ಇಟ್ಟ. ತೆಗೆದ. ಬೇರೆ ಥರ ಇಟ್ಟ. ಹೊತ್ತು ಇಳಿಯುವವರೆಗೂ ಇಟ್ಟ. ಎಷ್ಟು ಸಲ ನೋಡಿದರೂ, ಕೊನೆಯ ನೋಟಕ್ಕೂ ಹಾಕುವುದಕ್ಕೂ ನಡುವೆ ಒಂದು ಕರಿ ಕಲ್ಲಿಗೆ ಜಾಗ ಉಳಿದೇ ಉಳಿಯಿತು.

"ಅಜ್ಜಾರೆ," ಅವನ ದನಿ ಕುಗ್ಗಿತ್ತು, "ಕಪಟಿ ಸಿಗ್ತಿಲ್ಲ."

ಅಡುಗೆಮನೆಯಲ್ಲಿದ್ದ ಎರಡೂ ಸೌಟುಗಳನ್ನು ತಂದು, ಒಂದನ್ನು ಅಜ್ಜ ಹೊಳೆಗೆಸೆದ. ಚನ್ನವೀರನ ಗಂಟು ಕಿತ್ತುಕೊಂಡು, ಉಳಿದ ಸೌಟನ್ನು ಅವನ ಕೈಗಿಟ್ಟ.

"ಸೌಟು ಕೈಯಲ್ಲಿಲ್ಲದವರು ಮಡಕೆಯನ್ನೂ ಮುಟ್ಟಬಾರದು, ಉಪ್ಪನ್ನೂ ಮುಟ್ಟಬಾರದು."

"ಅವನ ಕೈಗಾ!" ಎಂದ ಕೊಟ್ರಯ್ಯ. "ಮತ್ತೆ ನಾನು ರುಚಿ ನೋಡೋದು ಯಾವಾಗ?"

"ಅವನು ಸೌಟು ಕೆಳಗಿಟ್ಟ ಮೇಲೆ."