ಹನ್ನೊಂದೂ ತೇಲಿದವು!

ಲೋಕ ಆಗಷ್ಟೇ ಹುಟ್ಟಿತ್ತು. ಯಾರಿಗೂ ಅವರವರ ಕೆಲಸ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಮೀನು ಈಜು ಕಲಿಯುತ್ತಿತ್ತು. ಕಪ್ಪೆ ನೆಗೆಯಲು ಹೋಗಿ ದಿನಕ್ಕೆ ನಾಲ್ಕು ಸಲ ಮೂತಿ ಜಜ್ಜಿಕೊಳ್ಳುತ್ತಿತ್ತು. ಸೂರ್ಯ ಕೂಡ ಒಮ್ಮೊಮ್ಮೆ ದಾರಿ ತಪ್ಪಿ ಉತ್ತರಕ್ಕೆ ಹೋಗಿಬಿಟ್ಟು, ನಾಚಿಕೊಂಡು ವಾಪಸ್ ಬರುತ್ತಿದ್ದ.

ಒಬ್ಬಳಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಹಾಗಂತ ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. ಅವಳೇ ಕೋಳಿ ದೊಡ್ಡಮ್ಮ. ಎಲ್ಲರಿಗಿಂತ ಒಂದು ದಿನ ಮೊದಲು ಹುಟ್ಟಿದ್ದಳಲ್ಲ, ಅದಕ್ಕೇ ಅವಳು ದೊಡ್ಡಮ್ಮ.

ಅಲ್ಲೊಂದು ಕೆರೆ. ಕೆರೆಯ ದಡದ ಜೊಂಡುಹುಲ್ಲಿನ ಒಳಗೆ ಬಾತಮ್ಮ ಎಂಬ ಬಾತುಕೋಳಿ ಗೂಡು ಕಟ್ಟಿ ಹನ್ನೊಂದು ಮೊಟ್ಟೆ ಇಟ್ಟಿದ್ದಳು. ತನ್ನ ಎದೆಯ ಪುಕ್ಕವನ್ನೇ ಕಿತ್ತು ಹಾಸಿ, ಇಪ್ಪತ್ತೈದು ದಿನದಿಂದ ಕಾವಿಗೆ ಕೂತಿದ್ದಳು. ಊಟ ಅಂದರೆ ಓಡಿಹೋಗಿ ಎರಡು ತುತ್ತು ನುಂಗಿ ಬರುವುದು, ಅಷ್ಟೇ.

ಇಪ್ಪತ್ತಾರನೆಯ ದಿನ ಗಾಳಿರಾಯ ಜೊಂಡಿನೊಳಗೆ ನುಗ್ಗಿದವನೇ ಮೂಗು ಮುಚ್ಚಿಕೊಂಡ.

“ಏನಕ್ಕಾ ಇದು, ಇಂಥಾ ಗಬ್ಬು ವಾಸನೆ! ನಿನ್ನ ಗೂಡಿಂದಾನೇ ಬರ್ತಿದೆ.”

“ಸುಮ್ನಿರೋ. ಅದು ಕೆಸರಿನ ವಾಸನೆ,” ಅಂದಳು ಬಾತಮ್ಮ. ಆದರೆ ಅವಳ ಮೂಗಿಗೂ ಎರಡು ದಿನದಿಂದ ಅದು ಬಡಿಯುತ್ತಿತ್ತು. ಬಾಯಿಬಿಟ್ಟು ಹೇಳಲು ಹೆದರಿಕೆ.

ಗಾಳಿರಾಯನ ಬಾಯಲ್ಲಿ ಗುಟ್ಟು ನಿಲ್ಲುತ್ತದೆಯೇ? ವಾಸನೆಯನ್ನು ಸುತ್ತಲೂ ಹಂಚಿಬಂದ. ಕೋಳಿ ದೊಡ್ಡಮ್ಮ ದಡಬಡನೆ ಬಂದಳು.

“ನೋಡೇ, ಒಂದು ಮೊಟ್ಟೆ ಕೊಳೆತಿದೆ. ಇವತ್ತೋ ನಾಳೇನೋ ಢಬ್ ಅಂತ ಒಡೆಯುತ್ತೆ. ಅದರ ಕೊಳೆ ಅಂಟಿದ್ರೆ ಮಿಕ್ಕಿದ್ದೂ ಹಾಳು. ಬೇಗ ಹುಡುಕಿ ಆಚೆ ಹಾಕು.”

“ಹೆಂಗೆ ಹುಡುಕ್ಲಿ ದೊಡ್ಡಮ್ಮ? ಎಲ್ಲಾ ಒಂದೇ ಥರ ಇವೆ. ಈಗ ಎಲ್ಲದಕ್ಕೂ ಅದೇ ವಾಸನೆ ಹತ್ತಿದೆ.”

“ಅಯ್ಯೋ, ಅಷ್ಟೂ ಗೊತ್ತಿಲ್ವಾ? ನೀರಿಗೆ ಬಿಡು. ಮುಳುಗಿದ್ದು ಒಳ್ಳೇದು, ತೇಲಿದ್ದು ಕೆಟ್ಟದ್ದು. ನಾನು ಮೊಟ್ಟೆ ಇಟ್ಟ ದಿನಾನೇ ಹಂಗೆ ನೋಡಿಬಿಡ್ತೀನಿ.”

ಮಧ್ಯಾಹ್ನದ ಬಿಸಿಲಿಗೆ ದಡದ ನೀರು ಬೆಚ್ಚಗಿತ್ತು. ಬಾತಮ್ಮ ಕೊಕ್ಕಿನಿಂದ ಒಂದು ಮೊಟ್ಟೆಯನ್ನು ಮೆಲ್ಲಗೆ ಉರುಳಿಸಿದಳು. ಅದು ತೇಲಿತು.

“ಸಿಕ್ತು ನೋಡು!” ಅಂದಳು ದೊಡ್ಡಮ್ಮ.

ಯಾವುದಕ್ಕೂ ಇರಲಿ ಅಂತ ಬಾತಮ್ಮ ಇನ್ನೊಂದು ಬಿಟ್ಟಳು. ಅದೂ ತೇಲಿತು. ಮತ್ತೊಂದು ಬಿಟ್ಟಳು. ಅದೂ ತೇಲಿತು. ಬಿಡುತ್ತಾ ಬಿಡುತ್ತಾ ಹನ್ನೊಂದೂ ತೇಲಿದವು.

ಕೋಳಿ ದೊಡ್ಡಮ್ಮನ ಬಾಯಿ ಹುಟ್ಟಿದಾಗಿನಿಂದ ಮೊದಲ ಸಲ ಮುಚ್ಚಿತು. ಆಮೇಲೆ ಮೆತ್ತಗೆ ಅಂದಳು: “ಎಲ್ಲಾ ಹೋಯ್ತಲ್ಲೇ ತಾಯಿ. ಬಿಟ್ಟುಬಿಡು, ಕೆರೆ ತಗೊಂಡು ಹೋಗ್ಲಿ. ಬಾ, ಏನಾದ್ರೂ ತಿನ್ನು. ಎಲುಬೇ ಕಾಣ್ತಿದೆ ನಿನಗೆ.”

ಬಾತಮ್ಮ ಕದಲಲಿಲ್ಲ. ಅಲ್ಲೇ ಕೂತು ಅತ್ತಳು. ಲೋಕ ಹುಟ್ಟಿದ ಮೇಲೆ ಅಷ್ಟು ದುಃಖ ಯಾರಿಗೂ ಆಗಿರಲಿಲ್ಲ.

ಆಗ ಕೆರೆಯಮ್ಮ ಕಿಸಕ್ಕನೆ ನಕ್ಕಳು.

“ನಿನಗೆ ನಗು ಬರುತ್ತಾ?” ಅಂದಳು ಬಾತಮ್ಮ, ಸಿಟ್ಟು ಬಂದು.

“ಏನ್ಮಾಡ್ಲಿ ಮಗಳೇ, ಕಚಗುಳಿ! ನಿನ್ನ ಮೊಟ್ಟೆಗಳ ಒಳಗಿಂದ ಯಾರೋ ಒದೀತಿದ್ದಾರೆ. ದೊಡ್ಡಮ್ಮ ಹೇಳಿದ್ದು ಇಟ್ಟ ದಿನದ ಮೊಟ್ಟೆಗೆ ಕಣೇ. ಇಷ್ಟು ದಿನ ಕಾವು ಕೊಟ್ಟ ಮೊಟ್ಟೆ ಎಲ್ಲಾ ತೇಲುತ್ತೆ. ಮರಿ ಉಸಿರಾಡಬೇಕಲ್ಲ, ಅದಕ್ಕೆ ಒಳಗೆ ಒಂದಿಷ್ಟು ಗಾಳಿ ಇರುತ್ತೆ. ಯಾವುದು ತಾನಾಗಿ ಅಲ್ಲಾಡುತ್ತೋ ಅದರಲ್ಲಿ ಜೀವ ಇದೆ. ಆದರೆ ಈ ಗಾಳಿರಾಯ ಎಲ್ಲವನ್ನೂ ಅಲ್ಲಾಡಿಸ್ತಿದ್ದಾನೆ. ಅವನು ನಿಲ್ಲಬೇಕು.”

“ನಾನಾ? ನಿಲ್ಲೋದಾ?” ಅಂದ ಗಾಳಿರಾಯ. ಅವನು ಹುಟ್ಟಿದಾಗಿನಿಂದ ಒಂದು ಕಡೆ ನಿಂತವನಲ್ಲ.

ಬಾತಮ್ಮ ಅವನ ಮುಖ ನೋಡಿದಳು. ಗಾಳಿರಾಯನ ಮನಸ್ಸು ಕರಗಿತು. ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದ. ಜೊಂಡು ನಿಂತಿತು. ಎಲೆ ನಿಂತಿತು. ನೀರಿನ ಮೇಲೆ ಒಂದು ಗೆರೆಯೂ ಇಲ್ಲ.

ಬಾತಮ್ಮ ಕರೆದಳು: “ಮಕ್ಕಳಾ, ಇದ್ದೀರಾ?”

ಒಂದು ಮೊಟ್ಟೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು.

“ಇದೆ! ಇದೆ!” ಅಂತ ಕುಪ್ಪಳಿಸಿದಳು ದೊಡ್ಡಮ್ಮ.

ಇನ್ನೊಂದು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಅದರ ಪಕ್ಕದ್ದು, ಅದರಾಚೆಯದು, ಒಂದಾದ ಮೇಲೊಂದು. ಹತ್ತು ಮೊಟ್ಟೆಗಳು ನೀರಿನ ಮೇಲೆ ಕುಣಿದವು.

ಹನ್ನೊಂದನೆಯದು ಸುಮ್ಮನೆ ತೇಲುತ್ತಿತ್ತು. ಬಾತಮ್ಮ ಇನ್ನೊಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಗಾಳಿರಾಯನ ಮುಖ ಕೆಂಪೇರಿತು, ಆದರೂ ಅವನು ತಡೆದುಕೊಂಡ. ಅದು ಅಲ್ಲಾಡಲಿಲ್ಲ.

“ನಿನಗೂ ಅಷ್ಟೇ ಕಾವು ಕೊಟ್ಟಿದ್ದೆನಲ್ಲೋ ಕಂದ,” ಅಂತ ಬಾತಮ್ಮ ಅದಕ್ಕೆ ಕೊಕ್ಕು ತಾಗಿಸಿದಳು.

“ಅದನ್ನ ನನಗೆ ಬಿಡು,” ಅಂದಳು ಕೆರೆಯಮ್ಮ. ಮೆಲ್ಲಗೆ ಆಚೆ ದಡಕ್ಕೆ ಒಯ್ದು, ಮೆತ್ತನೆಯ ಕೆಸರಿನಲ್ಲಿ ಮುಚ್ಚಿದಳು.

ಗಾಳಿರಾಯನಿಗೆ ಇನ್ನು ತಡೆಯಲಾಗಲಿಲ್ಲ. “ಫೂ!” ಅಂದ. ಆ ಅಲೆಗೆ ಹತ್ತೂ ಮೊಟ್ಟೆ ಉರುಳಿಕೊಂಡು ದಡಕ್ಕೇ ಬಂದವು.

ಬಾತಮ್ಮ ಅವನ್ನು ಗೂಡಿಗೆ ಉರುಳಿಸಿಕೊಂಡು ಮತ್ತೆ ಕಾವಿಗೆ ಕೂತಳು. ಎರಡು ದಿನ ಕಳೆಯಿತು. ಟಕ್ ಟಕ್ ಅಂತ ಹತ್ತೂ ಮೊಟ್ಟೆ ಒಡೆದು, ಹತ್ತು ಹಳದಿ ಮರಿಗಳು ಈಚೆ ಬಂದವು. ಬಾತಮ್ಮನಿಗೆ ಖುಷಿಯೋ ಖುಷಿ. ಅವುಗಳನ್ನು ಹಿಂದೆ ಕಟ್ಟಿಕೊಂಡು ನೀರಿಗೆ ಹೊರಟಳು. ಆಗಿನ್ನೂ ಅವಳು ಕೊಕ್ಕರೆಯ ಹಾಗೆ ನೆಟ್ಟಗೆ ನಡೆಯುತ್ತಿದ್ದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ, ಎಲ್ಲಾ ಹಿಂದೆ ಇವೆಯೋ ಇಲ್ಲವೋ ಅಂತ ದಿಗಿಲಾಯಿತು. ತಿರುಗಿ ಕೂಡ ನೋಡದೆ ಕೇಳಿದಳು: “ಮಕ್ಕಳಾ, ಇದ್ದೀರಾ?”

ಮರಿಗಳಿಗೆ ಗೊತ್ತಿದ್ದ ಉತ್ತರ ಒಂದೇ. ಎಡಕ್ಕೆ ವಾಲಿದವು, ಬಲಕ್ಕೆ ವಾಲಿದವು.

ಬಾತಮ್ಮ ಹಿಂತಿರುಗಿ ನೋಡಿ, ನಗು ತಡೆಯಲಾರದೆ, ತಾನೂ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು.

“ನೆಟ್ಟಗೆ ನಡೀರೋ!” ಅಂತ ಕೋಳಿ ದೊಡ್ಡಮ್ಮ ಕೂಗಿಯೇ ಕೂಗಿದಳು. ಯಾರು ಕೇಳುತ್ತಾರೆ?

ಅದಕ್ಕೇ ಮಗು, ಇವತ್ತಿಗೂ ಬಾತುಕೋಳಿಗಳು ಸಾಲಾಗಿ ಕೆರೆಗೆ ಹೊರಟರೆ ಓಲಾಡಿಕೊಂಡೇ ಹೋಗುತ್ತವೆ: ಮುಂದಿರುವ ಅಮ್ಮ ಕೇಳುತ್ತಲೇ ಇರುತ್ತಾಳೆ, ಹಿಂದಿರುವ ಮಕ್ಕಳು “ಇದ್ದೀವಮ್ಮಾ, ಇದ್ದೀವಿ” ಅನ್ನುತ್ತಲೇ ಇರುತ್ತಾರೆ.